ಕಿಂಬರ್ಲಿಯ ಮೂಲನಿವಾಸಿಗಳಿಗೆ ಕಂಟ್ರಿ ಸಂಗೀತ ಒಲಿದದ್ದೇಕೆ?

ಪ್ರಶ್ನೆ – ಬದಿಯಡ್ಕದ ಶಾಲಾ ಮಾಸ್ತರ:
ವಾಯವ್ಯ ಆಸ್ಟ್ರೇಲಿಯದ ಕಿಂಬರ್ಲಿ ಪ್ರದೇಶದಲ್ಲಿ ಫಿಟ್ಜ್‌ರಾಯ್ ಕ್ರಾಸಿಂಗ್ ಎಂಬ ಸಣ್ಣ ಪೇಟೆಯಿದೆ. ಅಲ್ಲಿನ ಮೂಲನಿವಾಸಿಗಳ ತಂಡವಾದ ‘ಫಿಟ್ಜ್‌ರಾಯ್ ಎಕ್ಸ್‌ಪ್ರೆಸ್’ನ ಹಾಡುಗಳನ್ನು ಈಚೆಗೆ ಕೇಳಿದೆ. ಗಿಟಾರಿನ ನಡೆಯೂ ದನಿಯ ಏರಿಳಿತವೂ ಅಮೆರಿಕದ ಹಳ್ಳಿಗರ ನಡುವೆ ಬೆಳೆದ ‘ಕಂಟ್ರಿ’ ಸಂಗೀತದವೇ. ಸಾವಿರಾರು ವರ್ಷಗಳ ಸ್ವಂತ ಹಾಡಿನ ಪರಂಪರೆಯುಳ್ಳ ಜನರು, ತಮ್ಮ ನೆಲವನ್ನು ಕಸಿದುಕೊಂಡವರ ಸಂಗೀತವನ್ನೇ ಏಕೆ ಒಪ್ಪಿಕೊಂಡರು? ಇದನ್ನು ಅನುಕರಣೆ ಎನ್ನಬಹುದೇ? ಹತ್ತನೆಯ ತರಗತಿಯ ಮಕ್ಕಳಿಗೆ ವಿವರಿಸಬೇಕಾಗಿದೆ.

ಉತ್ತರ – ಮಂಜೇಶ್ವರದಿಂದ:
ಮಾಷ್ಟ್ರೇ, ಮೊದಲು ಅಲ್ಲಿನ ದುಡಿಮೆಯನ್ನು ನೋಡಬೇಕು. ಕಿಂಬರ್ಲಿಯ ವಿಶಾಲವಾದ ದನದ ಸ್ಟೇಷನ್‌ಗಳಲ್ಲಿ, ಅಂದರೆ ದನ ಸಾಕುವ ಎಸ್ಟೇಟುಗಳಲ್ಲಿ, ಕುದುರೆಯೇರಿ ದನಗಳನ್ನು ಒಟ್ಟುಗೂಡಿಸಿ ಅಟ್ಟಿಕೊಂಡು ಹೋಗುತ್ತಿದ್ದವರಲ್ಲಿ ಬಹುಪಾಲು ಮೂಲನಿವಾಸಿಗಳೇ. ಬಹುಕಾಲ ಅವರಿಗೆ ಸಿಗುತ್ತಿದ್ದ ಪ್ರತಿಫಲವೆಂದರೆ ಹಿಟ್ಟು, ಸಕ್ಕರೆ, ಚಹಾ, ಹೊಗೆಸೊಪ್ಪು, ಹೆಚ್ಚೆಂದರೆ ಅಲ್ಪ ಕೂಲಿ. ಗ್ರಾಮಫೋನ್ ಮತ್ತು ರೇಡಿಯೋಗಳಿಂದ ಅಮೆರಿಕದ ಹ್ಯಾಂಕ್ ವಿಲಿಯಮ್ಸ್, ಆಸ್ಟ್ರೇಲಿಯದ ಸ್ಲಿಮ್ ಡಸ್ಟಿ ಮುಂತಾದ ಕಂಟ್ರಿ ಗಾಯಕರ ಹಾಡುಗಳು ಅಲ್ಲಿಗೆ ತಲಪಿದಾಗ, ಕುದುರೆ, ದೂರದ ದಾರಿ, ಜೈಲು, ಬಿಟ್ಟುಬಂದ ಮನೆ – ಇವು ಯಾವುವೂ ಅವರಿಗೆ ಪರಕೀಯವಾಗಿರಲಿಲ್ಲ. 1968ರ ಕೊನೆಯಲ್ಲಿ ಬಿಳಿಯ ಕೆಲಸಗಾರರಿಗೆ ಸಮಾನವಾದ ವೇತನ ಜಾರಿಗೆ ಬಂದ ಮೇಲೆ ಅನೇಕ ಮಾಲಕರು ಕೂಲಿ ಕೊಡುವ ಬದಲು ಕೆಲಸಗಾರರನ್ನೇ ಹೊರಹಾಕಿದರು. ನ್ಯಾಯವಾಗಿ ದೊರೆತ ಹಕ್ಕೇ ಕುಟುಂಬಗಳನ್ನು ಹಿರಿಯರ ನೆಲದಿಂದ ಎಬ್ಬಿಸಿ ಫಿಟ್ಜ್‌ರಾಯ್ ಕ್ರಾಸಿಂಗ್‌ನಂಥ ಪೇಟೆಗಳ ಅಂಚಿಗೆ ತಂದು ನಿಲ್ಲಿಸಿತು. ಊರಿನ ಹಂಬಲದ ಹಾಡನ್ನು ಹಾಡಲು ಅವರಿಗಿಂತ ಹೆಚ್ಚು ಅಧಿಕಾರವುಳ್ಳವರು ಯಾರು?

ಉತ್ತರ – ಕುಂಬಳೆಯಿಂದ:
ಮೇಲಿನ ಮಾತು ಸರಿ, ಆದರೆ ಕೇಳಿಸಿಕೊಳ್ಳುವ ಏರ್ಪಾಡು ಇಲ್ಲದಿದ್ದರೆ ಹಾಡು ಶಿಬಿರದ ಬೆಂಕಿಯ ಸುತ್ತಲೇ ಉಳಿಯುತ್ತಿತ್ತು. 1980ರಲ್ಲಿ ದೇಶದ ನಡುಭಾಗದ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಮೂಲನಿವಾಸಿಗಳದೇ ಆದ ‘ಕಾಮಾ’ ಎಂಬ ಮಾಧ್ಯಮ ಸಂಸ್ಥೆ ಆರಂಭವಾಗಿ, ರೇಡಿಯೋ ಕಾರ್ಯಕ್ರಮಗಳ ಜೊತೆಗೆ ಸ್ಥಳೀಯ ಗಾಯಕರ ಕ್ಯಾಸೆಟ್‌ಗಳನ್ನೂ ಹೊರತಂದಿತು. ನಮ್ಮಲ್ಲಿ ತಾಳಮದ್ದಳೆಯ ಕ್ಯಾಸೆಟ್‌ಗಳು ಜೀಪು, ಹೋಟೆಲುಗಳಲ್ಲಿ ಓಡುತ್ತಿದ್ದಂತೆ ಅಲ್ಲಿಯೂ ಅವು ಮರುಭೂಮಿಯ ಗಾಡಿಗಳಲ್ಲಿ ಓಡಿದವು. ಮೂಲನಿವಾಸಿ ಗಾಯಕ ಐಸಾಕ್ ಯಮ್ಮಾ ಕಂಟ್ರಿ ಶೈಲಿಯಲ್ಲೇ ತಮ್ಮ ಪಿತ್ಜಂತ್ಜತ್ಜರ ಭಾಷೆಯಲ್ಲಿ ಹಾಡಿದರು. ಅದೇ ನಡುಭಾಗದ ಪಪುನ್ಯ ಎಂಬ ಊರಿನ ವಾರುಂಪಿ ಬ್ಯಾಂಡ್ 1983ರಲ್ಲಿ ಮೂಲನಿವಾಸಿಗಳ ಲುರಿತ್ಜ ಭಾಷೆಯಲ್ಲಿ ರಾಕ್ ಹಾಡೊಂದನ್ನು ಧ್ವನಿಮುದ್ರಿಸಿತು. ಇವನ್ನು ಕೇಳಿದ ಮೇಲೆ ‘ಅನುಕರಣೆ’ ಎಂಬ ಮಾತು ನಿಲ್ಲಲಾರದು.

ಉತ್ತರ – ಪೆರ್ಲದಿಂದ:
ಇಬ್ಬರೂ ಕೈಬಿಟ್ಟ ಒಂದು ಸಂಗತಿಯಿದೆ. ಅಲ್ಲಿನ ಪಾರಂಪರಿಕ ಹಾಡುಗಳು ನಿರ್ದಿಷ್ಟ ಸ್ಥಳ, ಕುಲ, ಆಚರಣೆಗಳಿಗೆ ಸೇರಿದವು. ಅವುಗಳಲ್ಲಿ ಹಲವನ್ನು ಯಾರು, ಎಲ್ಲಿ, ಯಾರ ಎದುರು ಹಾಡಬಹುದೆಂಬುದಕ್ಕೆ ಕಟ್ಟುನಿಟ್ಟಾದ ನಿಯಮಗಳಿವೆ. ಬೇರೆ ಬೇರೆ ಕುಲಗಳವರು ಒಂದೇ ಪೇಟೆಯಲ್ಲಿ ಸೇರಿದಾಗ, ಯಾರ ಹಕ್ಕನ್ನೂ ಮುರಿಯದೆ ಎಲ್ಲರೆದುರು ಹಾಡಲು ಗಿಟಾರಿನ ಹಾಡು ಅನುಕೂಲವಾಗಿತ್ತು ಎಂಬುದು ನನ್ನ ಅಭಿಪ್ರಾಯ. ಹಾಗೆಂದು ಎಲ್ಲವೂ ಸ್ವಇಚ್ಛೆಯಿಂದಲೇ ನಡೆಯಿತೆನ್ನಲಾಗದು: ಹಲವು ಮಿಷನ್‌ಗಳಲ್ಲಿ ಮಕ್ಕಳನ್ನು ಅವರ ಭಾಷೆ, ಆಚರಣೆಗಳಿಂದ ದೂರವಿಟ್ಟು ಕ್ರೈಸ್ತ ಭಜನೆಗಳನ್ನು ಕಲಿಸಲಾಯಿತು. ಮಾಷ್ಟ್ರು ತರಗತಿಯಲ್ಲಿ ಫಿಟ್ಜ್‌ರಾಯ್ ಎಕ್ಸ್‌ಪ್ರೆಸ್‌ನ ಹಾಡಿನ ಜೊತೆಗೆ ಐಸಾಕ್ ಯಮ್ಮಾ ಅವರದನ್ನೂ ಕೇಳಿಸಲಿ. ಆದರೆ ಸಮಾನ ವೇತನದ ಕಥೆಯನ್ನು ಮೊದಲೇ ಹೇಳಿರಲಿ.