ಕನ್ನಡಕದವರಿಗೆ 8×42 ಬೈನಾಕ್ಯುಲರ್ ಸರಿಯೋ, 10×42 ಸರಿಯೋ?

ಪ್ರಶ್ನೆ: ಸ್ನೇಹಿತರ 10×42 (10 ಪಟ್ಟು ಹಿಗ್ಗಿಸೋ, ಮುಂದಿನ ಗಾಜು 42 ಮಿ.ಮೀ. ಅಗಲದ) ಬೈನಾಕ್ಯುಲರ್‌ನಲ್ಲಿ ನೋಡಿದ್ರೆ ಸುತ್ತ ಕಪ್ಪು ಅಂಚು, ಚಿತ್ರ ಬೇರೆ ನಡುಗುತ್ತೆ. ಎಲೆ ಮಧ್ಯೆ ಹಾರಾಡೋ ಉಲಿಯಕ್ಕಿಯಂಥ ಪುಟ್ಟ ಹಕ್ಕಿ ಕಣ್ಣಿಗೇ ಸಿಗಲ್ಲ. 8 ತಗೊಳ್ಳಲಾ?

ಉತ್ತರ 1: ಯೋಚನೆ ಮಾಡದೆ 8 ತಗೊಳ್ಳಿ. 42ನ್ನು 8ರಿಂದ ಭಾಗಿಸಿದ್ರೆ 5.25 ಮಿ.ಮೀ., 10ರಿಂದ 4.2. ಕಣ್ಣಿಗೆ ಬರೋ ಬೆಳಕಿನ ಕಿಂಡಿ ಅಷ್ಟಗಲ. ಮುಂಜಾನೆ ಮಬ್ಬಲ್ಲಿ ಇದರ ಬೆಲೆ ತಿಳಿಯುತ್ತೆ. 8ರಲ್ಲಿ ನೋಟದ ಹರವೂ ಸಾಮಾನ್ಯವಾಗಿ ಜಾಸ್ತಿ. ಕೆರೆಯಾಚೆ ಬಾತು ಎಣಿಸೋ ಚಟ ಇದ್ರೆ 10 ಇರಲಿ. ಅದಕ್ಕೂ ನನ್ನ ಕೇಳಿದ್ರೆ ಟ್ರೈಪಾಡ್ ಮೇಲಿನ ಸ್ಕೋಪೇ (ಒಂದೇ ಕಣ್ಣಲ್ಲಿ ನೋಡೋ ದೂರದರ್ಶಕ) ವಾಸಿ.

ಉತ್ತರ 2: ಐಕಪ್ (ಕಣ್ಣಿಟ್ಟು ನೋಡೋ ಕಡೆಯ ಬಳೆ) ಪೂರ್ತಿ ಒಳಕ್ಕೆ ತಿರುಗಿಸಿ ನೋಡಿದ್ರಾ? ಕನ್ನಡಕದ ಮೇಲೆ ನೋಡೋರಿಗೆ ಐ ರಿಲೀಫ್ (ಪೂರ್ತಿ ಚಿತ್ರ ಕಾಣುವಂತೆ ಗಾಜಿನಿಂದ ಕಣ್ಣು ಇರಬಹುದಾದ ದೂರ) 16 ಮಿ.ಮೀ.ಗಿಂತ ಹೆಚ್ಚಿರಬೇಕು.

ಕೇಳಿದವರು: ತಿರುಗಿಸಿದೆ, ಅಂಚು ಮಾಯ! ನಡುಕ ಹಾಗೇ ಇದೆ, ಅದು ಕಮ್ಮಿಯಾಗಲಿ ಅಂತ 8ಕ್ಕೇ ಹೋಗ್ತೀನಿ.