ಮ್ಯಾನೇಜರ್ ಆದರೂ ಎಲ್ಲ ಕೆಲಸ ನಾನೇ ಮಾಡ್ತಿದ್ದೇನೆ, ಬೇರೆಯವರಿಗೆ ಬಿಡೋದು ಹೇಗೆ?

ಪ್ರಶ್ನೆ:
ದಾವಣಗೆರೆಯ ಸೂಪರ್ ಮಾರ್ಕೆಟ್ ಒಂದರಲ್ಲಿ 6 ವರ್ಷ ಬಿಲ್ಲಿಂಗ್‌ನಲ್ಲಿದ್ದೆ, ಯುಗಾದಿ ಆದಮೇಲೆ ಮ್ಯಾನೇಜರ್ ಮಾಡಿದರು. ಕೈಕೆಳಗೆ 14 ಜನ. ಆದರೂ ಬೆಳಿಗ್ಗೆ ಹಾಲಿನ ಕ್ರೇಟ್ ಎಣಿಸುವುದರಿಂದ ರಾತ್ರಿ ಕ್ಯಾಶ್ ಟ್ಯಾಲಿ ಮಾಡುವವರೆಗೆ ಎಲ್ಲ ನಾನೇ. ಯಾರಿಗಾದರೂ ಹೇಳಿದರೆ ತಪ್ಪು ಮಾಡುತ್ತಾರೆ, ಮತ್ತೆ ನಾನೇ ಸರಿ ಮಾಡಬೇಕು. ಅದರ ಮೇಲೆ ಹಳಬರೊಬ್ಬರು ನನಗಿಂತ ಹತ್ತು ವರ್ಷ ದೊಡ್ಡವರು, ಅವರಿಗೆ ಕೆಲಸ ಹೇಳೋಕೆ ಬಾಯೇ ಬರಲ್ಲ. ಏನು ಮಾಡಲಿ?

ಉತ್ತರ 1:
ನಾನೂ ಹಾಗೇ ಇದ್ದೆ. ಸುಮ್ನೆ "ಸ್ವಲ್ಪ ರ‍್ಯಾಕ್ ನೋಡ್ಕೊಳ್ಳಿ" ಅಂದರೆ ಯಾರೂ ನೋಡಲ್ಲ. ಒಬ್ಬರಿಗೆ ಒಂದು ಜಾಗ ಪೂರ್ತಿ ಕೊಡಿ. ನಮ್ಮಲ್ಲಿ ಬಿಸ್ಕತ್ತಿನ ರ‍್ಯಾಕ್ ಒಬ್ಬ ಹುಡುಗಿಗೆ ಕೊಟ್ಟೆ: ಹಳೇ ತಾರೀಖಿನ ಮಾಲು ಮುಂದೆ, ಹೊಸದು ಹಿಂದೆ, ಎಕ್ಸ್‌ಪೈರಿಗೆ ತಿಂಗಳು ಉಳಿದಿರೋದನ್ನ ಬುಟ್ಟಿಗೆ ತೆಗೆದು ಪುಸ್ತಕದಲ್ಲಿ ಬರೆಯಬೇಕು. ಮೊದಲ ವಾರ ಪೂರ್ತಿ ಉಲ್ಟಾ ಜೋಡಿಸಿದ್ದಳು. ಕೈ ತುರಿಸಿತು, ಆದರೂ ಮುಟ್ಟಲಿಲ್ಲ, ಕರೆದು ಅವಳ ಕೈಯಲ್ಲೇ ಸರಿ ಮಾಡಿಸಿದೆ. ಈಗ ಸೇಲ್ಸ್‌ಮ್ಯಾನ್ ಬಂದರೆ ವಾಪಸ್ ಮಾಲಿನ ಲೆಕ್ಕ ಅವಳೇ ಕೇಳುತ್ತಾಳೆ.

ಉತ್ತರ 2:
ಹಿರಿಯರಿಗೆ ಆರ್ಡರ್ ಮಾಡಬೇಡಿ. "ಅಣ್ಣಾ, ಹಬ್ಬಕ್ಕೆ ಬೆಲ್ಲ, ಕಡ್ಲೆಬೇಳೆ ಎಷ್ಟು ತರಿಸೋಣ?" ಅಂತ ಕೇಳಿ, ಆ ಇಂಡೆಂಟ್ (ತರಿಸಬೇಕಾದ ಮಾಲಿನ ಪಟ್ಟಿ) ಅವರ ಕೈಗೇ ಬಿಡಿ. ಕ್ಯಾಶ್ ಮಾತ್ರ ಒಂದೇ ಸಲ ಬಿಡಬೇಡಿ. ಅವರು ಎಣಿಸಲಿ, ನೀವು ಪಕ್ಕದಲ್ಲಿ ಕೂತು ನೋಡಿ, ಇಬ್ಬರೂ ಸಹಿ ಹಾಕಿ.

ಪ್ರಶ್ನೆ ಕೇಳಿದವರು:
ಬೆಲ್ಲದ ವಿಷಯ ನಿನ್ನೆ ಕೇಳಿದೆ, ಕಾಲು ಗಂಟೆ ಮಾತಾಡಿದರು! ಹಾಲಿನ ಕ್ರೇಟ್ ಮಾತ್ರ ಇನ್ನೂ ನಾನೇ ಎಣಿಸುತ್ತಿದ್ದೇನೆ.