ದೀಪಾವಳಿಗೆ ಹಳೇ ಪೇಪರಲ್ಲೇ ಆಕಾಶಬುಟ್ಟಿ, ಪಕ್ಕದ ಮನೆಗಳಿಗೆ ಸಣ್ಣ ಗಿಫ್ಟು: ಮಾಡಿ ನೋಡಿರೋರು ಹೇಳಿ

ನಮಸ್ಕಾರ ಎಲ್ರಿಗೂ. ಹಬ್ಬಕ್ಕೆ ಇನ್ನು ಮೂರು ವಾರ ಇದೆ, ಈ ಸಲ ಅಲಂಕಾರಕ್ಕೆ ಅಂಗಡೀದು ಏನೂ ತರಲ್ಲ ಅಂತ ಮಗಳಿಗೆ ಮಾತು ಕೊಟ್ಟು ಸಿಕ್ಕಾಕೊಂಡಿದೀನಿ. ಎಂಟು ವರ್ಷ ಅವಳಿಗೆ, ಸ್ಕೂಲಲ್ಲಿ ಕಸದ ಬಗ್ಗೆ ಏನೋ ಪಾಠ ಆಗಿದೆ, ಅವತ್ತಿಂದ ಮನೇಲಿ ನಾನೇ ಅಪರಾಧಿ. ಇರೋ ಸಾಮಾನು ಅಂದ್ರೆ ಆರು ತಿಂಗಳ ನ್ಯೂಸ್ ಪೇಪರು, ಒಂದು ಚೀಲ ಲಗ್ನಪತ್ರಿಕೆ (ಎಲ್ಲದ್ರ ಮೇಲೂ ಗಣಪತಿ, ಬಿಸಾಕೋಕೆ ಕೈ ಬರಲ್ಲ), ಆನ್‌ಲೈನ್ ಆರ್ಡರಿನ ರಟ್ಟಿನ ಡಬ್ಬ, ಹಳೇ ಸೀರೆ ಅಂಚು, ಜೊತೆ ತಪ್ಪಿದ ಬಳೆ. ಬಾಲ್ಕನಿಗೆ ಒಂದು ಆಕಾಶಬುಟ್ಟಿ ಬೇಕು, ನಮ್ಮ ಫ್ಲೋರಿನ 12 ಮನೆಗೆ ಕೊಡೋಕೆ ಏನಾದ್ರೂ ಬೇಕು. ನಾನು ಎಂಥ ಕಲಾವಿದೆ ಅಂದ್ರೆ ಒಂದ್ಸಲ ಗಣೇಶನಿಗೆ ಅಂತ ಥರ್ಮಾಕೋಲ್ ಮಂಟಪ ಮಾಡಿ ಗೋಲ್ಡ್ ಸ್ಪ್ರೇ ಹೊಡೆದೆ, ನೋಡ್ತಾ ನೋಡ್ತಾ ಕಂಬ ಎಲ್ಲ ಕರಗಿ ಹುಳಿ ಬಂದ ಇಡ್ಲಿ ಹಿಟ್ಟಿನ ಥರ ಆಗೋಯ್ತು, ಹಬ್ಬದ ಹಿಂದಿನ ರಾತ್ರಿ ಹನ್ನೊಂದು ಗಂಟೆಗೆ. ಮಾಡಿ ಕೈ ಸುಟ್ಕೊಂಡಿರೋರು ಇದ್ರೆ ಅವರೇ ಮೊದ್ಲು ಹೇಳಿ, ವಿಡಿಯೋ ಲಿಂಕು ಬೇಡ, ಅವುಗಳಲ್ಲಿ ಎಲ್ಲಾರ ಕೈಯೂ ನೀಟಾಗೇ ಇರುತ್ತೆ.

ಧಾರವಾಡದಾಂವ:

ಅಕ್ಕಾರ, ಆಕಾಶಬುಟ್ಟಿ ಅಂದ ಮ್ಯಾಲೆ ನಾ ಸುಮ್ನ ಕುಂದ್ರೂದು ಆಗೂದಿಲ್ಲ ಬಿಡ್ರಿ. ನಮ್ಮಪ್ಪ ಬಿದಿರು ಸೀಳಿ ಮಾಡ್ತಿದ್ರು, ನಾ ಈಗ ಐದು ವರ್ಷ ಆತು ಪೇಪರ್ ಸುರುಳೀಲೇನ ಮಾಡಾಕತ್ತೇನಿ, ಬಿದಿರಿಗಿಂತ ಹಗುರ ಮತ್ತ ಕೈಗೆ ಸಿಬರು ಚುಚ್ಚೂದಿಲ್ಲ. ಲೆಕ್ಕ ಇಷ್ಟ ನೋಡ್ರಿ, 24 ಕಡ್ಡಿ, 6 ಚೌಕ, 12 ಗಂಟು. ಪೇಪರಿನ ಒಂದು ಹಾಳಿ ತಗೊಂಡು ಮೂಲಿಗೆ ಕಸಬರಗಿ ಕಡ್ಡಿ ಇಟ್ಟು ಓರಿಯಾಗಿ ಬಿಗಿದು ಸುತ್ಕೋತ ಹೋಗ್ರಿ, ಕಡೀಗೆ ಅಂಟು ಹಚ್ಚಿ ಕಡ್ಡಿ ಎಳಕೊಂಡ್ರ ಪೈಪ್ ಆತು. ಎರಡೂ ತುದಿ ಮೆತ್ತಗ ಇರ್ತಾವ, ಅವನ್ನ ಕತ್ತರಿಸಿ ಒಗದು ಎಲ್ಲಾನೂ ಒಂದ ಅಳತಿಗೆ ತರ್ರಿ. ನಾ 9 ಇಂಚು ಇಡ್ತೀನಿ. ಇಲ್ಲಿ ಮಾತ್ರ ಆಲಸಿತನ ಮಾಡಬ್ಯಾಡ್ರಿ, ಒಂದು ಕಡ್ಡಿ ಕಾಲಿಂಚು ಉದ್ದ ಆದ್ರೂ ಕಡೀಗೆ ಬುಟ್ಟಿ ಕುತ್ತಿಗಿ ಓರೆ ಮಾಡಿಕೊಂಡು ನಿಂದರ್ತದ, ನಮ್ಮ ಮೊದಲನೇ ವರ್ಷದ್ದು ಹಂಗ ಆಗಿತ್ತು, ಓಣಿ ಮಂದಿ ಎಲ್ಲಾ "ಏನೋ ನಿಮ್ಮ ಬುಟ್ಟಿ ಎತ್ತಾಗ ನೋಡಾಕತ್ತೈತಿ" ಅಂತ ಕೇಳೋರು.

ನಾಕು ನಾಕು ಕಡ್ಡಿ ಸೇರಿಸಿ ಆರು ಚೌಕ ಮಾಡ್ಕೊರ್ರಿ. ಒಂದು ಮ್ಯಾಲೆ, ಒಂದು ಕೆಳಗ, ಉಳಿದ ನಾಕು ಸುತ್ತಲೂ ಮೂಲಿ ಮ್ಯಾಲೆ ನಿಂತಂಗ, ಅಂದ್ರ ಗಾಳಿಪಟ ನಿಂತಂಗ. ಮೂಲಿಗೆ ಮೂಲಿ ಹೊಲಿಗಿ ದಾರದಾಗ ಕಟ್ಟಿದ್ರ ನಡುವ ಎಂಟು ತ್ರಿಕೋನ ತಾವ ಬರ್ತಾವ, ನೀವು ಮಾಡಬೇಕಾಗೇ ಇಲ್ಲ, ನಮ್ಮ ಹುಡುಗ ಇದನ್ನ ನೋಡಿ ಬಾಯಿ ತಕ್ಕೊಂಡು ಕುಂತಿದ್ದ. ಬರೇ ಚೌಕ ಇದ್ದಾಗ ಅದು ಅತ್ತಾಗ ಇತ್ತಾಗ ವಾಲತಿರ್ತದ, ಹಾಳಿ ಹಚ್ಚಿದ ಚೌಕ ಸುತ್ತೂ ಕಟ್ಟಿ ತ್ರಿಕೋನ ಬಂದ ಮ್ಯಾಲೆ ಗಟ್ಟಿ ಆಗ್ತದ. ಅದಕ್ಕ ಚೌಕಕ್ಕ ಬಣ್ಣದ ಹಾಳಿ ಹಚ್ಚೂದನ್ನ ಕಟ್ಟೂ ಮೊದಲ ಮಾಡ್ರಿ, ನೆಲದ ಟೈಲ್ಸ್ ಮೂಲಿಗೆ ಇಟ್ಟು ನೆಟ್ಟಗ ಮಾಡ್ಕೊಂಡು. ಗಾಳಿಪಟದ ಹಾಳಿ ತರ್ರಿ, ಎರಡು ಮೂರು ಬಣ್ಣ ಸಾಕು. ಮ್ಯಾಲಿನ ಚೌಕ ಮತ್ತ ಕೆಳಗಿನ ಚೌಕ ಖಾಲಿ ಬಿಡ್ರಿ, ಬಲ್ಬಿನ ವೈರು ಹೋಗಾಕ, ಕಾವು ಹೊರಗ ಬರಾಕ. ಎಲ್‌ಇಡಿ ಸಣ್ಣದು ಹಾಕ್ರಿ, ಹಳೇ ಕಾಲದ ಬಿಸಿ ಬಲ್ಬು ಕಾಗದದೊಳಗ ಇಡಬಾರದು.

ಮೈಸೂರಿನ ಗೊಂಬೆ ಅತ್ತೆ:

ಸ್ಪ್ರೇಗೆ ಥರ್ಮಾಕೋಲ್ ಕರಗೋದು ನಿಮ್ಮ ತಪ್ಪಲ್ಲಮ್ಮ, ಆ ಸ್ಪ್ರೇಲಿ ಇರೋ ಥಿನ್ನರ್ ಥರದ ದ್ರವಕ್ಕೆ ಅದು ಕರಗೇ ಕರಗುತ್ತೆ. ಈಗಂತೂ ಅಲಂಕಾರದ ಥರ್ಮಾಕೋಲನ್ನ 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧ ಮಾಡಿದಾರೆ, ಆ ಪೀಡೆ ಬಿಟ್ಹಾಕಿ. ನಮ್ಮನೇಲಿ ದಸರಾಗೆ ಏಳು ಮೆಟ್ಟಿಲು ಗೊಂಬೆ ಕೂರಿಸ್ತೀವಿ, ಬೆಟ್ಟ, ಗುಡಿ, ಸಂತೆ ಎಲ್ಲಾ ರಟ್ಟು ಮತ್ತೆ ಪೇಪರಲ್ಲೇ, ಮೂವತ್ತು ವರ್ಷದ ಅನುಭವ ಅಂತ ತಿಳ್ಕೊಳ್ಳಿ.

ಅಂಟು ಮನೇಲೇ ಮಾಡಿ. ಒಂದು ಬಟ್ಟಲು ಮೈದಾಗೆ ನಾಲ್ಕು ಬಟ್ಟಲು ನೀರು, ತಣ್ಣೀರಲ್ಲೇ ಗಂಟಿಲ್ಲದ ಹಾಗೆ ಕಲಸಿ ಆಮೇಲೆ ಒಲೆ ಮೇಲಿಡಬೇಕು, ಬಿಸಿನೀರಿಗೆ ಸುರಿದ್ರೆ ಮುಗೀತು ಬರೀ ಗಂಟು. ಸಣ್ಣ ಉರೀಲಿ ಕೈಯಾಡಿಸ್ತಾ ಇದ್ರೆ ಬಿಳೀ ಬಣ್ಣ ಹೋಗಿ ಗಂಜಿ ಥರ ಹೊಳಪು ಬರುತ್ತೆ, ಅಷ್ಟೇ. ಈಗ ನನ್ನ ಕತೆ ಕೇಳಿ, ಒಂದು ವರ್ಷ ಈ ಅಂಟಲ್ಲಿ ಮಾಡಿದ ಬೆಟ್ಟಾನ ಅಟ್ಟದ ಮೇಲೆ ಇಟ್ಟಿದ್ದೆ, ಮುಂದಿನ ದಸರಾಗೆ ಇಳಿಸಿದ್ರೆ ಬೆಟ್ಟದ ಅರ್ಧ ಭಾಗ ಜಿರಳೆ ತಿಂದಿತ್ತು, ಇನ್ನರ್ಧದಲ್ಲಿ ಸಂಸಾರ ಹೂಡಿತ್ತು. ಬುಕ್ ಬೈಂಡಿಂಗ್ ಮಾಡೋರು ಇದಕ್ಕೇ ಮೈಲುತುತ್ತ ಸೇರಿಸೋದು, ಆದ್ರೆ ಅದು ವಿಷ, ನಿಮ್ಮ ಮಗು ಜೊತೇಲಿ ಕೂತು ಮಾಡ್ತಾಳೆ ಅಂದ್ರೆ ಖಂಡಿತ ಬೇಡ. ವರ್ಷಗಟ್ಟಲೆ ಇಡೋ ವಸ್ತುಗೆ ಅಂಗಡಿ ಬಿಳೀ ಅಂಟು, ಹದಿನೈದು ದಿನದ್ದಕ್ಕೆ ಮೈದಾ ಅಂಟು, ಹೀಗೆ ಲೆಕ್ಕ ಇಟ್ಕೊಳ್ಳಿ.

ಗಿಫ್ಟಿನ ವಿಷಯ ಸ್ವಲ್ಪ ಖಾರವಾಗಿ ಹೇಳ್ತೀನಿ ಬೇಜಾರು ಮಾಡ್ಕೋಬೇಡಿ. ಶೋಕೇಸಿಗೆ ಇಡೋ ಐಟಂ ಮಾಡ್ಕೊಂಡು ಹೋಗಿ ಕೊಡಬೇಡಿ. ಪೇಪರ್ ಹೂವಿನ ಕುಂಡ, ಐಸ್‌ಕ್ರೀಂ ಕಡ್ಡಿ ಫೋಟೋ ಫ್ರೇಮು, ಕೊಟ್ಟೋರಿಗೆ ಸಂತೋಷ ತಗೊಂಡೋರಿಗೆ ಧೂಳು. ನನಗೇ ಬಂದಿರೋದು ನಾಲ್ಕಿದೆ, ಇಡೋಕೂ ಜಾಗ ಇಲ್ಲ ಕೊಟ್ಟೋರು ಯಾವಾಗ ಬರ್ತಾರೋ ಅಂತ ಎಸೆಯೋಕೂ ಇಲ್ಲ. ತಿಂದು ಖಾಲಿ ಆಗೋದು, ಹಚ್ಚಿ ಮುಗಿಯೋದು, ಪೂಜೆಗೆ ಬಳಸೋದು, ಅಂಥದ್ದು ಕೊಡಿ. ಗೆಜ್ಜೆವಸ್ತ್ರ ಬರುತ್ತಾ ನಿಮಗೆ? ಅರಳೆ ಹಿಂಜಿ, ಬೆರಳಿಗೆ ಒಂಚೂರು ಹಾಲು ತಗೊಂಡು ಹೊಸೀತಾ ನಡುನಡುವೆ ಗುಂಡು ಬಿಟ್ಟು, ಕೊನೇಲಿ ಕುಂಕುಮ ಹಚ್ಚೋದು. ದೀಪಾವಳಿ ಆದ ಮೇಲೆ ತುಳಸಿ ಹಬ್ಬ ಇದ್ದೇ ಇದೆ, ಯಾರಿಗೆ ಕೊಟ್ರೂ ಬೇಡ ಅನ್ನಲ್ಲ. ಲಗ್ನಪತ್ರಿಕೆಯ ಒಳಗಿನ ದಪ್ಪ ಹಾಳೇಲಿ ಕವರ್ ಮಾಡಿ ಅದ್ರಲ್ಲಿ ಹಾಕಿಟ್ರೆ ಮುಗೀತು. ಗಣಪತಿ ಚಿತ್ರಾನ ಹುಷಾರಾಗಿ ಕತ್ತರಿಸ್ಕೊಂಡು ಕವರಿನ ಮೇಲ್ಗಡೆ ಅಂಟಿಸಿ, ಮಡಿಕೆ ಬರೋ ಜಾಗದಲ್ಲಿ ಹರಿಯೋ ಜಾಗದಲ್ಲಿ ಬೇಡ.

ಕೇಳಿದವಳು:

ಅತ್ತೆ, ಧೂಳು ಅಂದಿದ್ದಕ್ಕೆ ನಮ್ಮ ಯಜಮಾನ್ರು ಜೋರಾಗಿ ನಕ್ಕರು, ಅವರ ಆಫೀಸಿಗೆ ನಾನು ಮಾಡ್ಕೊಟ್ಟ ಪೆನ್ ಸ್ಟ್ಯಾಂಡ್ ಎಲ್ಲಿದೆ ಅಂತ ಈಗ ಗೊತ್ತಾಯ್ತು. ಆದ್ರೆ 12 ಮನೇಲಿ ಐದು ಮನೆಯವರು ನಮ್ಮ ಕಡೆಯವರಲ್ಲ, ಒಂದು ಮುಸ್ಲಿಂ ಮನೆ, ಒಂದು ಕ್ರಿಶ್ಚಿಯನ್, ಅವರಿಗೆ ಗೆಜ್ಜೆವಸ್ತ್ರ ಕೊಟ್ಟು ಏನ್ಮಾಡ್ಲಿ? ಎಲ್ಲರಿಗೂ ಒಂದೇ ಥರ ಕೊಡಬೇಕು ಅಂತಾಳೆ ಮಗಳು.

ಅತ್ತೆ:

ಹಾಗಾದ್ರೆ ತಿಂಡೀನೇ, ಇನ್ನೇನು. ಕೊಬ್ಬರಿ ಮಿಠಾಯಿ ಯಾವ ಮನೆಯವರೂ ಬೇಡ ಅನ್ನಲ್ಲ. ನಿಮ್ಮ ಪೇಪರ್ ಕೆಲ್ಸ ಎಲ್ಲಾ ಡಬ್ಬದ ಮೇಲೆ ತೋರ್ಸಿ.

ಸಾಗರದ ಕಡೆಯವಳು:

ಡಬ್ಬ ಅಂದ್ರಲ್ಲ, ನಮ್ಮಲ್ಲಿ ಅಜ್ಜಿ ಕಾಲದಿಂದ ಮಾಡೋ ಪೇಪರ್ ಬುಟ್ಟಿ ಇದೆ, ಅದನ್ನ ಹೇಳ್ತೀನಿ. ಪೇಪರ್ ಚೂರು ಮಾಡಿ ಮೂರು ದಿನ ನೆನೆಸ್ಬೇಕು, ದಿನಾ ನೀರು ಬದಲಾಯಿಸ್ತಾ ಇದ್ರೆ ವಾಸನೆ ಬರಲ್ಲ. ಇನ್ನೊಂದು ಕಡೆ ಎರಡು ಮುಷ್ಟಿ ಮೆಂತ್ಯ ರಾತ್ರಿ ನೆನೆಸಿ ಲೋಳೆ ಬರೋ ಹಂಗೆ ರುಬ್ಬಿ, ಹಿಂಡಿದ ಪೇಪರನ್ನೂ ಅದ್ರ ಜೊತೆ ಹಾಕಿ ತಿರುವಿದ್ರೆ ಚಪಾತಿ ಹಿಟ್ಟಿನ ಥರ ಮುದ್ದೆ ಬರ್ತದೆ. ಮೆಂತ್ಯದ ಲೋಳೇನೇ ಅಂಟು, ಅದ್ರ ಕಹಿಗೆ ಹುಳ ಹತ್ರ ಬರಲ್ಲ ಅಂತಿದ್ರು ಅಜ್ಜಿ, ನಮ್ಮನೇಲಿ ಉಪ್ಪಿನಕಾಯಿ ಮೆಣಸು ತುಂಬಿಡೋ ಬುಟ್ಟಿ ಇನ್ನೂ ಗಟ್ಟಿ ಇದೆ, ಆದ್ದರಿಂದ ಅತ್ತೆಯವರ ಜಿರಳೆಗೆ ಇದೇ ಉತ್ತರ ಅಂತ ನನ್ನ ಲೆಕ್ಕ. ಸ್ಟೀಲ್ ಬಟ್ಟಲು ಬೋರಲು ಹಾಕಿ, ಹಳೇ ಪಂಚೆ ತುಂಡು ಒದ್ದೆ ಮಾಡಿ ಮೇಲೆ ಹೊದಿಸಿ, ಅದ್ರ ಮೇಲೆ ಮುದ್ದೆನ ತೆಳ್ಳಗೆ ತಟ್ಟಿ, ರೊಟ್ಟಿ ತಟ್ಟಿದ ಹಂಗೆ. ಒಂದು ದಿನ ನೆರಳು, ಆಮೇಲೆ ನಾಲ್ಕೈದು ದಿನ ಬಿಸಿಲು. ಮೊದಲೇ ಬಿಸಿಲಿಗಿಟ್ರೆ ಸೀಳು ಬಿಡ್ತದೆ. ಬಾಯಿ ಅಗಲ ಇರೋ ಪಾತ್ರೇನೇ ತಗೊಳ್ಳಿ, ನಾನು ಬುದ್ಧಿವಂತಿಕೆ ಮಾಡಿ ಚೊಂಬಿನ ಮೇಲೆ ತಟ್ಟಿದ್ದೆ, ಒಣಗಿದ ಮೇಲೆ ಚೊಂಬು ಹೊರಗೆ ಬರೋದು ಹೆಂಗೆ? ಕಡೆಗೆ ಬ್ಲೇಡಲ್ಲಿ ಕೊಯ್ದು ತೆಗೆದಿದ್ದು.

ಬಣ್ಣಕ್ಕೆ ಅಂಗಡಿಗೆ ಹೋಗ್ಲೇಬೇಕಂತಿಲ್ಲ. ನಮ್ಮ ಕಡೆ ದೀವರ ಸಮುದಾಯದ ಹೆಂಗಸ್ರು ಭೂಮಿ ಹುಣ್ಣಿಮೆಗೆ (ಭೂಮಿತಾಯಿಗೆ ಪೂಜೆ ಮಾಡೋ ಹಬ್ಬ) ಬಿದಿರು ಬುಟ್ಟಿಗೆ ಕೆಮ್ಮಣ್ಣು ಬಳಿದು ಅದ್ರ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೇಲಿ ಚಿತ್ತಾರ ಬರೀತಾರೆ, ಪುಂಡಿ ನಾರಿನ ಕುಂಚ ಕಟ್ಕೊಂಡು. ಆ ಹುಣ್ಣಿಮೆ ದೀಪಾವಳಿ ಅಮಾಸೆಗೆ ಹದಿನೈದು ದಿನ ಮೊದ್ಲು ಬರೋದು, ಅಂದ್ರೆ ನೀವು ಬುಟ್ಟಿ ಒಣಗಿಸ್ತಾ ಕೂತಿರೋ ಹೊತ್ತಿಗೇ ನಮ್ಮಲ್ಲಿ ಬುಟ್ಟಿ ಬರೀತಿರ್ತಾರೆ. ಅವರ ಕೈಯಷ್ಟು ಸಣ್ಣ ಗೆರೆ ನಮಗೆ ಬರಲ್ಲ, ನಾನು ಪಕ್ಕದಲ್ಲಿ ಕೂತು ಕಲಿತರೂ ಬಂದಿಲ್ಲ. ಆದ್ರೂ ಕೆಮ್ಮಣ್ಣು ಬಳಿದು ನಾಲ್ಕು ನೇರ ಗೆರೆ ಎಳೆದ್ರೇ ಎಷ್ಟು ಚಂದ ಕಾಣ್ತದೆ ಗೊತ್ತಾ, ಮಗಳ ಕೈಲಿ ಎಳೆಸಿ, ಸೊಟ್ಟ ಬಂದ್ರೂ ನಡೀತದೆ. ಒಂದೇ ಎಚ್ಚರ, ಒಳಗೆ ತಿಂಡಿ ನೇರ ಹಾಕ್ಬೇಡಿ, ಪೇಪರಿನ ಇಂಕು ತಿಂಡಿಗೆ ತಾಗಬಾರ್ದು ಅಂತ ಎಫ್‌ಎಸ್‌ಎಸ್‌ಎಐನವರೇ (ಆಹಾರ ಸುರಕ್ಷತೆ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ) ಹೇಳ್ತಾರೆ. ಬಾಳೆ ಎಲೆ ಬಾಡಿಸಿ ಹಾಕಿ, ಇಲ್ಲ ಬಟರ್ ಪೇಪರ್.

ಪ್ರಾಕ್ಟಿಕಲ್ ಮನುಷ್ಯ:

ಇಷ್ಟೆಲ್ಲಾ ಯಾಕ್ರೀ, ಆಕಾಶಬುಟ್ಟಿ ರೆಡಿಮೇಡು ಮಾರ್ಕೆಟ್ಟಲ್ಲಿ ರಾಶಿ ಬಿದ್ದಿರುತ್ತೆ, ಮೂರು ವಾರದ ಟೈಮಿಗೆ ಬೆಲೆ ಇಲ್ವಾ.

ಧಾರವಾಡದಾಂವ:

ಸರ, ನಿಮ್ಮ ಮಾತು ಖರೆ. ಮೂರು ವಾರ ಮನ್ಯಾಗ ಮೊಬೈಲ್ ಬಿಟ್ಟು ಕೂಸು ನಮ್ಮ ಜೋಡಿ ಕುಂದರ್ತದಲ್ರಿ, ಆ ರೆಡಿಮೇಡ್ ಎಲ್ಲಿ ಸಿಗ್ತದ ಹೇಳ್ರಿ, ನಾನೂ ಒಂದು ತರ್ತೀನಿ.

ಕುಡ್ಲದ ಗೂಡುದೀಪ:

ನಮ್ಮಲ್ಲಿ ಇದಕ್ಕೆ ಗೂಡುದೀಪ ಅಂತ ಹೇಳುದು. ಧಾರವಾಡದವರು ಹೇಳಿದ ಲೆಕ್ಕ ಸರಿಯೇ ಉಂಟು, ಆದ್ರೆ ಅವರ ಊರಿನ ಒಣಹವೆ ನಮಗೆ ಇಲ್ಲ ಮಾರಾಯ್ರೆ. ಮಂಗಳೂರಲ್ಲಿ ಆ ಹೊತ್ತಿಗೆ ಇನ್ನೂ ಸಂಜೆ ಮಳೆ ಬರುದುಂಟು, ಒಂದು ಸಲ ನನ್ನ ಕೆಂಪು ಗೂಡುದೀಪದ ಬಣ್ಣ ಪೂರ್ತಿ ಇಳಿದು ಕೆಳಗೆ ನಿಲ್ಲಿಸಿದ ಪಕ್ಕದ ಮನೆಯವರ ಬಿಳಿ ಸ್ಕೂಟರಿನ ಸೀಟಿಗೆ ಬಿತ್ತು. ಅವರು ಈಗಲೂ ಹಬ್ಬದ ಮೊದಲು ಸ್ಕೂಟರ್ ಆಚೆ ಇಡ್ತಾರೆ. ಬೆಂಗಳೂರಲ್ಲೂ ಅಕ್ಟೋಬರ್ ಮಳೆಯನ್ನು ನಂಬ್ಲಿಕ್ಕೆ ಆಗುದಿಲ್ಲ. ಹಾಗಾಗಿ ಪೇಪರ್ ಕಡ್ಡಿಗೆ ಹೊರಗಿಂದ ಬಿಳಿ ಅಂಟನ್ನು ಸ್ವಲ್ಪ ನೀರು ಮಾಡಿ ಎರಡು ಕೋಟ್ ಬಳಿಯಿರಿ, ಒಣಗಿದ ಮೇಲೆ ತೇವ ಅಷ್ಟು ಬೇಗ ಹೀರುದಿಲ್ಲ. ಬಣ್ಣದ ಕಾಗದ ಸಾಹಸ ಬೇಡ ಅಂತಿದ್ರೆ ಬಿಳಿ ಕಾಗದಕ್ಕೇ ಹತ್ತಿಯಲ್ಲಿ ತೆಳ್ಳಗೆ ತೆಂಗಿನೆಣ್ಣೆ ಒರೆಸಿ, ಬೆಳಕು ಒಳಗಿಂದ ಎಷ್ಟು ಹಿತವಾಗಿ ಬರ್ತದೆ ಅಂತ ನೋಡಿ. ಎಣ್ಣೆ ಕಾಗದದ ಒಳಗೆ ಹಣತೆ ಮೇಣದಬತ್ತಿ ಇಡ್ಲಿಕ್ಕೇ ಇಲ್ಲ, ಬ್ಯಾಟರಿಯ ಎಲ್‌ಇಡಿ ಮಾತ್ರ. ನಮ್ಮ ಕುದ್ರೋಳಿ ಗೋಕರ್ಣನಾಥ ದೇವಸ್ಥಾನದಲ್ಲಿ ಗೂಡುದೀಪ ಸ್ಪರ್ಧೆ ಆಗ್ತದಲ್ಲ, ಅಲ್ಲಿಗೆ ಒಂದು ಸಲ ಹೋಗಿ ಬಂದ್ರೆ ನಿಮ್ಮ ಮಗಳು ಮತ್ತೆ ಅಂಗಡಿಯದ್ದು ಕೇಳ್ಲಿಕ್ಕಿಲ್ಲ.

ಜರ್ಮನಿಯಲ್ಲಿರೋ ಕನ್ನಡದವಳು:

ಒಂದು ಸಣ್ಣ ಮಾತು ಸೇರಿಸ್ತೀನಿ. ಇಲ್ಲಿ ನವೆಂಬರ್ 11ಕ್ಕೆ ಸೇಂಟ್ ಮಾರ್ಟಿನ್ ಹಬ್ಬ ಅಂತ ಮಕ್ಕಳೆಲ್ಲ ಕೈಯಾರೆ ಮಾಡಿದ ಕಾಗದದ ಲಾಂದ್ರ ಹಿಡ್ಕೊಂಡು ಸಂಜೆ ಹಾಡ್ತಾ ಮೆರವಣಿಗೆ ಹೋಗ್ತಾರೆ. ತುದೀಲಿ ಪುಟ್ಟ ಬಲ್ಬಿರೋ ಬ್ಯಾಟರಿ ಕೋಲು ಅಂಗಡೀಲಿ ಸಿಗುತ್ತೆ. ನಾವು ದೀಪಾವಳಿಗೆ ಮಾಡಿದ ಆಕಾಶಬುಟ್ಟೀನೇ ಆ ಕೋಲಿಗೆ ಸಿಕ್ಕಿಸಿ ಮಗನ್ನ ಕಳಿಸಿದ್ವಿ, ಟೀಚರ್ ಇದ್ಯಾವ ಆಕಾರ ಅಂತ ಕೇಳಿ ಫೋಟೋ ತಗೊಂಡ್ರು. ಮೇಲಿನ 24 ಕಡ್ಡಿ ಲೆಕ್ಕ ಆಗ ಗೊತ್ತಿದ್ದಿದ್ರೆ ಜಂಬ ಕೊಚ್ಕೋಬಹುದಿತ್ತು.

ಕೇಳಿದವಳು (ಹತ್ತು ದಿನ ಬಿಟ್ಟು):

ವರದಿ ಒಪ್ಪಿಸ್ತಿದೀನಿ. ಬುಟ್ಟಿ 12 ತಟ್ಟಿದ್ವಿ, ಒಂಬತ್ತು ಬದುಕಿದಾವೆ. ಎರಡಕ್ಕೆ ಬೂಷ್ಟು ಬಂತು, ಯಾಕಂದ್ರೆ ನಮ್ಮ ಬಾಲ್ಕನಿಗೆ ಬಿಸಿಲು ಇರೋದೇ ಬೆಳಿಗ್ಗೆ ಎರಡು ಗಂಟೆ ಹೊತ್ತು, ಅದೂ ಮೋಡ ಇಲ್ದಿದ್ರೆ. ಒಂದನ್ನ ಮಿಕ್ಸಿಯಿಂದ ತೆಗೆದ ಮುದ್ದೇಲೇ ಮಗಳು ಆನೆ ಮಾಡ್ಬಿಟ್ಟಳು, ಅದನ್ನ ಕೊಡಲ್ವಂತೆ. ಇನ್ನು ಮೂರು ಮನೆಗೆ ರಟ್ಟಿನ ಡಬ್ಬಕ್ಕೆ ಲಗ್ನಪತ್ರಿಕೆ ಹಾಳೆ ಅಂಟಿಸಿ ಮಾಡ್ತೀನಿ, ಎಲ್ಲರಿಗೂ ಒಂದೇ ಥರ ಅನ್ನೋ ಷರತ್ತನ್ನ ಮೇಡಂ ಸಡಿಲ ಮಾಡಿದಾರೆ. ಮಿಕ್ಸಿ ಮಾತ್ರ ಎರಡು ದಿನ ಮೆಂತ್ಯ ವಾಸನೆ, ಚಟ್ನಿ ಎಲ್ಲಾ ಬಾಣಂತಿ ಊಟದ ಥರ ಇತ್ತು, ಹಳೇ ಜಾರ್ ಇದ್ರೆ ಅದನ್ನೇ ಬಳಸಿ ಅಂತ ಯಾರೂ ಹೇಳ್ಲಿಲ್ಲ ನೋಡಿ.

ಆಕಾಶಬುಟ್ಟಿ ನಿನ್ನೆ ರಾತ್ರಿ ಕಟ್ಟಿದ್ವಿ. 24 ಕಡ್ಡಿ ಮಾಡೋಕೆ 40 ಸುತ್ತಬೇಕಾಯ್ತು. ಕೊನೇ ಗಂಟು ಹಾಕಿದ ಕೂಡ್ಲೇ ಅದು ಗಟ್ಟಿಯಾಗಿ ಕೂತ್ಕೊಂಡಿದ್ದು ನೋಡಿ ನಾನೂ ನಿಮ್ಮ ಹುಡುಗನ ಥರಾನೇ ಬಾಯಿ ಬಿಟ್ಕೊಂಡೆ. ಸ್ವಲ್ಪ ಪಕ್ಕದ ಅಪಾರ್ಟ್‌ಮೆಂಟ್ ಕಡೆ ನೋಡ್ತಿದೆ, ಪರವಾಗಿಲ್ಲ. ಒಂದೇ ಡೌಟು, ಕೆಳಗೆ ಬಾಲ ಇಳಿಬಿಡ್ತಾರಲ್ಲ, ಅದಕ್ಕೂ ಕಾಗದಾನೇನಾ? ಗಾಳಿಗೆ ಹರಿಯಲ್ವಾ?

ಧಾರವಾಡದಾಂವ:

ಕಾಗದ ಬ್ಯಾಡ್ರಿ ಅಕ್ಕಾರ, ಸೀರಿ ಅಂಚು ಐತಿ ಅಂದಿದ್ರೆಲ್ಲ, ಅದನ್ನ ಹಚ್ರಿ. ಬಳಿ ಒಂದೊಂದು ತುದೀಗೆ ಕಟ್ರಿ, ಭಾರಕ್ಕ ನೆಟ್ಟಗ ನಿಂದರ್ತದ. ಯಾವ ಕಡೆ ಎತ್ತಿ ಹಿಡದದನೋ ಆ ಕಡೆ ಎರಡು ಬಳಿ ಹೆಚ್ಚು ಕಟ್ರಿ, ಪಕ್ಕದ ಅಪಾರ್ಟ್‌ಮೆಂಟ್ ನೋಡೂದು ಬಿಡ್ತದ.